ಸುಗತ ಮಾಸ್ಟರ ಹಾಡುಗಳು ಅಚ್ಚಾದದ್ದು

ಶಿವಾಜಿನಗರದ ಮದುವೆ ಬ್ಯಾಂಡೊಂದರಲ್ಲಿ ಮೂವತ್ತು ವರ್ಷ ಕ್ಲಾರಿನೆಟ್ ಊದಿದ ಸುಗತ ಅವರನ್ನು ಹಲಸೂರಿನಲ್ಲಿ ಎಲ್ಲರೂ ಮಾಸ್ಟರ್ ಎಂದೇ ಕರೆಯುತ್ತಾರೆ. ಬ್ಯಾಂಡಿನಲ್ಲಿ ಊದಿದ್ದು ಸಿನಿಮಾ ಹಾಡುಗಳನ್ನು. ತಮ್ಮದೇ ಹಾಡುಗಳನ್ನು ಕಟ್ಟಿದ್ದು ಭಾನುವಾರ ಬುದ್ಧವಿಹಾರಕ್ಕೆ ಬರುವ ಹೆಂಗಸರಿಗಾಗಿ. ಬುದ್ಧವಂದನೆಯವು, ಒಂದೆರಡು ಜೋಗುಳ, ಭೀಮ ಜಯಂತಿಯ ಮೆರವಣಿಗೆಯಲ್ಲಿ ಹೆಜ್ಜೆ ಹಾಕುತ್ತ ಹಾಡಲು ಒಂದು. ರಸೆಲ್ ಮಾರ್ಕೆಟ್ಟಿನಲ್ಲಿ ಹೂ ಮಾರುವ ಪಿಳ್ಳಮ್ಮನಿಂದ ಹಿಡಿದು ಕಂಪನಿಗಳಲ್ಲಿ ಹೌಸ್‌ಕೀಪಿಂಗ್ ಮಾಡುವ ಹುಡುಗಿಯರವರೆಗೆ ಎಲ್ಲರಿಗೂ ಅವು ಬಾಯಿಪಾಠ.

"ಬಾಯಲ್ಲಿದ್ರೆ ಸಾಕಾ? ಅಚ್ಚು ಹಾಕ್ಸಿ" ಎಂದು ಹೆಂಡತಿ ಪ್ರಿಯಾ ಬೆನ್ನು ಬಿದ್ದ ಮೇಲೆ, ಮಾಸ್ಟರ್ ಹನ್ನೆರಡು ಹಾಡುಗಳ ಸ್ವರಲಿಪಿ ಬರೆದು ಮೈಸೂರಿನಲ್ಲಿ ಸಂಗೀತದ ಪುಸ್ತಕಗಳನ್ನು ಹೊರತರುವ ಶ್ರೀರಾಮಪ್ಪನವರಿಗೆ ಅಂಚೆಯಲ್ಲಿ ಕಳಿಸಿದರು. ಶ್ರೀರಾಮಪ್ಪನವರದು ನೇರ ಮಾತು. "ಸಾಹಿತ್ಯ ಚೆನ್ನಾಗಿದೆ. ಸ್ವರಲಿಪಿ ಮಾತ್ರ ನಿಮ್ಮೊಬ್ಬರಿಗೇ ತಿಳಿಯುವಂತಿದೆ. ನಿಮ್ಮ ಹಾಡು ಕೇಳಿರದವರ ಕೈಗೆ ಕೊಟ್ಟು ನೋಡಿ. ಮತ್ತೆ, ಮೆರವಣಿಗೆ ಹಾಡಿನ ಏಳೆಣಿಕೆಯ ತಾಳವನ್ನು ಎಂಟಕ್ಕೆ ತಂದರೆ ಶಾಲೆಯವರಿಗೂ ಸುಲಭ" ಎಂದು ಉತ್ತರ ಬರೆದರು.

ಮಾಸ್ಟರಿಗೆ ಚುರುಕ್ಕೆಂದಿತು. ಆದರೂ ಹಾಳೆಗಳನ್ನು ಎತ್ತಿಕೊಂಡು ಶಿವಾಜಿನಗರದಲ್ಲಿ ಕೀಬೋರ್ಡ್ ಕಲಿಸುವ ನಾಜಿಶ್ ಅವರ ಬಳಿ ಹೋದರು. ಆಕೆ ಇವರ ಹಾಡು ಒಂದನ್ನೂ ಕೇಳಿದವರಲ್ಲ. ಹಾಳೆ ನೋಡಿಕೊಂಡು ಜೋಗುಳ ನುಡಿಸಿದರು. ಅದು ತಮ್ಮದೆಂದು ಮಾಸ್ಟರಿಗೇ ಗುರುತು ಹತ್ತಲಿಲ್ಲ.

"ಅಲ್ಲಿ ಸ್ವಲ್ಪ ಎಳೀಬೇಕು ಮೇಡಮ್."

"ಹಾಗಂತ ಎಲ್ಲಿ ಬರ್ದಿದೀರಾ ಮಾಸ್ಟರ್?"

ಎಲ್ಲಿಯೂ ಬರೆದಿರಲಿಲ್ಲ. ಅದೆಲ್ಲ ಅವರ ಉಸಿರಿನಲ್ಲಿತ್ತು.

ಅರವತ್ತು ದಾಟಿದ ಮನುಷ್ಯ ಬರೆಯುವುದನ್ನು ಹೊಸದಾಗಿ ಕಲಿಯಲು ಕುಳಿತರು. ಮಾಸ್ಟರ್ ತಿದ್ದಿ ತರುವುದು, ನಾಜಿಶ್ ನುಡಿಸುವುದು, ಮತ್ತೆ ತಿದ್ದುವುದು. ನುಡಿಸುವಾಗ ಮಾಸ್ಟರ್ ಬಾಯಿ ಬಿಡಬಾರದೆಂದು ಆಕೆಯ ಕರಾರು. ಗುನುಗಿ ತೋರಿಸಲು ನಾಲಗೆ ತುರಿಸಿದರೂ ತುಟಿ ಬಿಗಿಹಿಡಿದು ಕೂರುತ್ತಿದ್ದರು. ಹೀಗೆ ಹತ್ತಿರ ಹತ್ತಿರ ಒಂದು ವರ್ಷ. ಕೊನೆಗೊಂದು ಸಂಜೆ ಕೀಬೋರ್ಡಿನಿಂದ ಜೋಗುಳ ಜೋಗುಳವಾಗಿಯೇ ಹೊರಟಾಗ ಮಾಸ್ಟರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಹೊಸ ಪ್ರತಿಯ ಜೊತೆ ಶ್ರೀರಾಮಪ್ಪನವರಿಗೆ ಬರೆದರು: "ನೀವು ಹೇಳಿದ್ದು ಸರಿಯಾಗಿತ್ತು, ತಿದ್ದಿಕೊಂಡಿದ್ದೇನೆ. ಆದರೆ ಏಳನ್ನು ಎಂಟು ಮಾಡಲಾರೆ. ಕಂಕುಳಲ್ಲಿ ಕೂಸು ಎತ್ತಿಕೊಂಡ ಹೆಂಗಸರು ನಮ್ಮ ಗಲ್ಲಿಯಲ್ಲಿ ನಡೆಯುವುದನ್ನು ನೋಡಿ ಕಟ್ಟಿದ ತಾಳ ಅದು. ಬೇಡವೆಂದರೆ ಉಳಿದ ಹನ್ನೊಂದನ್ನು ಅಚ್ಚು ಹಾಕಿ, ನನಗೆ ಬೇಸರವಿಲ್ಲ."

ಈ ಸಲ ಕಾಗದದ ಬದಲು ಫೋನ್ ಬಂತು. "ಮಾಸ್ಟರೇ, ನಮ್ಮನೆಯವರು ನಿಮ್ಮ ಲಿಪಿ ನೋಡ್ಕೊಂಡೇ ಪೂರ್ತಿ ಹಾಡಿದ್ರು. ಎಂಟಕ್ಕೆ ಕೂರ್ಸೋಕೆ ನಾನೂ ಪ್ರಯತ್ನಪಟ್ಟೆ, ಹಾಡು ಸತ್ತೇಹೋಯ್ತು. ಏಳೇ ಇರ್ಲಿ. ಅದನ್ನೇ ಮೊದಲ ಹಾಡಾಗಿ ಹಾಕ್ತೀನಿ."

ಪುಸ್ತಕ ಬಂತು. ವಿಹಾರದಲ್ಲಿ ಕೈಯಿಂದ ಕೈಗೆ ಓಡಾಡಿತು. ಕೆಲವು ತಿಂಗಳ ಮೇಲೆ ಶ್ರೀರಾಮಪ್ಪನವರು ಮೊಬೈಲಿಗೊಂದು ರೆಕಾರ್ಡಿಂಗ್ ಕಳಿಸಿದರು. ಕಲಬುರಗಿ ಕಡೆಯ ಟೀಚರುಗಳ ಗುಂಪೊಂದು, ಮಾಸ್ಟರನ್ನು ಎಂದೂ ನೋಡದವರು, ಪುಸ್ತಕ ಹಿಡಿದು ಆ ಮೆರವಣಿಗೆಯ ಹಾಡನ್ನು ಹಾಡಿದ್ದರು.

"ತುಂಬಾ ನಿಧಾನ ಆಯ್ತಲ್ವಾ?" ಎಂದರು ಪ್ರಿಯಾ.

"ಆಯ್ತು. ಆದ್ರೆ ಹೀಗೆ ಹಾಡಿದ್ರೂ ಹಾಡು ಕೆಡಲ್ಲ ಅಂತ ನಂಗೇ ಗೊತ್ತಿರ್ಲಿಲ್ಲ" ಎಂದ ಮಾಸ್ಟರ್ ಇನ್ನೊಮ್ಮೆ ಹಾಕಿಸಿ ಕೇಳಿದರು. ಆಮೇಲೆ ಮೈಸೂರಿಗೆ ಕಾಗದ ಬರೆದರು: ಮರುಮುದ್ರಣವಾದರೆ ಆ ಹಾಡಿನ ತಲೆಯ ಮೇಲಿರುವ 'ಚುರುಕಾಗಿ' ಎಂಬ ಸೂಚನೆಯನ್ನು ದಯವಿಟ್ಟು ತೆಗೆದುಬಿಡಿ.