ಫ್ರಿಜ್ಜಿನಲ್ಲಿ ಇಡಬಾರದ ಪೆಟ್ಟಿಗೆ

ಬನಹಟ್ಟಿಯಲ್ಲಿ ಕೋಳಿಗಿಂತ ಮೊದಲು ಮಗ್ಗ ಕೂಗುತ್ತದೆ. ಆ ಖಟಖಟ ಸದ್ದಿನ ನಡುವೆ ಸೌಂದರ್ಯಾಳ ಮನೆಯ ಕಟ್ಟೆಯ ಮೇಲೆ ಕುಳಿತು ಹೀರಾ ಅವಳ ತೋಳಿಗೆ ಪಟ್ಟಿ ಬಿಗಿಯುತ್ತಾರೆ, ಬೆರಳಲ್ಲಿ ನರ ಹುಡುಕಿ ಸೂಜಿ ಚುಚ್ಚುತ್ತಾರೆ. ಸೌಂದರ್ಯಾ ಹುಬ್ಬು ಕೂಡ ಅಲುಗಿಸುವುದಿಲ್ಲ. ರಕ್ತ ತುಂಬಿದ ಟ್ಯೂಬುಗಳು ಥರ್ಮಾಕೋಲ್ ಪೆಟ್ಟಿಗೆ ಸೇರುತ್ತವೆ, ಪೆಟ್ಟಿಗೆ ಹೀರಾ ಅವರ ಮಡಿಲು ಸೇರುತ್ತದೆ. ಇನ್ನು ಧಾರವಾಡದ ಪ್ರಯೋಗಾಲಯ ಮುಟ್ಟುವವರೆಗೆ ಅದನ್ನು ಅವರು ಯಾರ ಕೈಗೂ ಕೊಡುವುದಿಲ್ಲ.

ತೇರದಾಳದ ಹೀರಾ ರಬಕವಿಯ ಸಣ್ಣ ಲ್ಯಾಬೊಂದರಲ್ಲಿ ರಕ್ತ ತೆಗೆಯುವವರು. ಬೆಳಗಾದರೆ ಸ್ಕೂಟಿ ಹತ್ತಿ ಚಿಮ್ಮಡ, ಜಮಖಂಡಿ ಅಂತ ಹತ್ತಿಪ್ಪತ್ತು ಮನೆ ಸುತ್ತುತ್ತಾರೆ. ಇರುವೆ ಕಂಡರೆ ದಾಟಿ ನಡೆಯುವ ಜೈನ ಮನೆತನದ ಹೆಣ್ಣು ಊರವರ ರಕ್ತ ತೆಗೆಯುತ್ತಾಳಲ್ಲ ಎಂದು ಮೊದಮೊದಲು ನೆಂಟರೆಲ್ಲ ನಕ್ಕಿದ್ದೇ ನಕ್ಕಿದ್ದು. ಈಗ ಶುಗರ್ ನೋಡಿಸಿಕೊಳ್ಳಲು ಅವರೇ ಫೋನ್ ಮಾಡುತ್ತಾರೆ.

ಸೌಂದರ್ಯಾ ಮಗ್ಗದಲ್ಲಿ ಹರಿದ ಎಳೆ ಕೂಡಿಸುವವಳು. ಒಂದು ದಿನ ಎಡಗಣ್ಣು ಮಂಜಾಯಿತು, ಕಾಲು ಜೋಮು ಹಿಡಿಯಿತು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ರೋಗಾಣುಗಳನ್ನು ಹೊಡೆಯಬೇಕಾದ ರಕ್ತಕಣಗಳು ತಮ್ಮದೇ ದೇಹದ ನರಗಳ ಹೊದಿಕೆಯನ್ನು ಹಾಳುಗೆಡವುವ ಕಾಯಿಲೆ ಇದು, ವೈರಿನ ಮೇಲಿನ ಸಿಪ್ಪೆ ಕಿತ್ತ ಹಾಗೆ. ಆ ಹೊದಿಕೆಯಲ್ಲಿ ಯಾವುದರ ಮೇಲೆ ಅವುಗಳ ಕಣ್ಣು ಎಂಬುದನ್ನು ಧಾರವಾಡದ ಡಾ. ಗೌರೀಶ ಅವರ ತಂಡ ವರ್ಷಗಳಿಂದ ಹುಡುಕುತ್ತಿತ್ತು. ಅದಕ್ಕೆ ಕಾಯಿಲೆ ಕೆರಳಿದಾಗ, ಸ್ಟೀರಾಯ್ಡ್ ಕೊಡುವ ಮುಂಚೆಯೇ ತೆಗೆದ ರಕ್ತ ಬೇಕು. ಅದರ ಕಣಗಳು ಜೀವಂತವಾಗಿ ಮುಟ್ಟಬೇಕು, ತಣ್ಣಗಾದರೆ ಕೆಲಸಕ್ಕೆ ಬಾರವು.

ಆಚೆ ವರ್ಷ ಅಂಥ ರಕ್ತ ಸಿಕ್ಕಿತ್ತು. ಹೀರಾ ಪೆಟ್ಟಿಗೆ ಹಿಡಿದು ಹೊರಟು ಬಸ್ ಬದಲಿಸಲು ಮುಧೋಳದಲ್ಲಿ ಇಳಿದಾಗ ಹೊತ್ತು ಮುಳುಗುವುದರಲ್ಲಿತ್ತು. ಹೊತ್ತು ಮುಳುಗಿದ ಮೇಲೆ ಅವರು ಉಣ್ಣುವವರಲ್ಲ. ಸ್ಟ್ಯಾಂಡಿನ ಪಕ್ಕದಲ್ಲೇ ಇರುವ ಕಾಕು, ಅಂದರೆ ಚಿಕ್ಕಪ್ಪನ ಹೆಂಡತಿಯ ಮನೆಯಲ್ಲಿ ಎರಡು ತುತ್ತು ಉಂಡು ಏಳುವಷ್ಟರಲ್ಲಿ ಪೆಟ್ಟಿಗೆ ಫ್ರಿಜ್ಜಿನೊಳಗಿತ್ತು.

“ಹಾಲು ಕೆಡಬಾರದಂತ ಇಡ್ತೀವಲ್ಲ, ಹಂಗ ಇಟ್ಟಿದ್ಲು ಕಾಕು, ಪಾಪ. ಆಕಿ ತಪ್ಪಲ್ರಿ ಅದು. ಪೆಟ್ಟಿಗಿ ಕೈಬಿಟ್ಟಾಕಿ ನಾನು,” ಎನ್ನುತ್ತಾರೆ ಹೀರಾ.

ರಕ್ತ ವ್ಯರ್ಥವಾಯಿತು. ಅಷ್ಟರಲ್ಲಿ ಸ್ಟೀರಾಯ್ಡ್ ಇಂಜೆಕ್ಷನ್ ಆಗಿತ್ತು, ಮತ್ತೆ ತೆಗೆದರೂ ಆ ರಕ್ತ ಸಿಗುವಂತಿರಲಿಲ್ಲ. ಸೌಂದರ್ಯಾ ಚೇತರಿಸಿಕೊಂಡು ಮಗ್ಗಕ್ಕೆ ಮರಳಿದಳು. ಖುಷಿಪಡಬೇಕಾದ ಹೀರಾ ಅವರ ಎದೆಯೊಳಗೆ ಮಾತ್ರ ಮುಳ್ಳು ಮುರಿದಂತಾಗಿತ್ತು. “ಬಸದಿಗೆ ಹೋದ್ರ ಏನಂತ ಬೇಡ್ಕೊಬೇಕ್ರಿ? ಆ ರಕ್ತ ಮತ್ತ ಸಿಗಬೇಕಂದ್ರ ಆಕಿಗೆ ಮತ್ತ ಬ್ಯಾನಿ ಬರಬೇಕು. ಹಂಗ ಬೇಡಾಕ ಬಾಯಿ ಹೆಂಗ ಬರ್ತೈತಿ? ಸುಮ್ನ ಕೈಮುಗಿದು ಬರ್ತಿದ್ದೆ.”

ಯಾರೂ ಬೇಡದಿದ್ದರೂ ಹೋದ ಡಿಸೆಂಬರಿನಲ್ಲಿ ಕಾಯಿಲೆ ಮತ್ತೆ ಕೆರಳಿತು. ಜಮಖಂಡಿಯ ಆಸ್ಪತ್ರೆಯಲ್ಲಿ ಹೀರಾ ರಕ್ತ ತೆಗೆದು ಪಕ್ಕಕ್ಕೆ ಸರಿದರು, ನರ್ಸ್ ಇಂಜೆಕ್ಷನ್ ಹಿಡಿದು ಬಂದರು. ಅವತ್ತು ಮುಧೋಳದ ದಾರಿಯಲ್ಲಿ ಕಬ್ಬಿನ ಟ್ರೇಲರ್ ಮಗುಚಿ ರಸ್ತೆ ತುಂಬ ಕಬ್ಬು. ಬಸ್ ನಿಂತಿತು. ಹೀರಾ ಕೂತು ಕಾಯುವ ಪೈಕಿಯಲ್ಲ. ಇಳಿದು, ಪೆಟ್ಟಿಗೆ ಅವಚಿಕೊಂಡು, ಟ್ರ್ಯಾಕ್ಟರುಗಳ ಸಾಲು ದಾಟಿ ನಡೆದೇ ಬಿಟ್ಟರು. ಆಚೆ ತುದಿಯಲ್ಲಿ, ಪಾಳಿ ಮುಗಿಸಿ ಹೊರಟಿದ್ದ ಸಕ್ಕರೆ ಕಾರ್ಖಾನೆಯ ಕೆಲಸಗಾರ ರಾಮಲಿಂಗಪ್ಪ ಬೈಕಿನಲ್ಲಿ ಮುಧೋಳಕ್ಕೆ ಮುಟ್ಟಿಸಿದರು.

ಫೋನಿನಲ್ಲಿ ಸುದ್ದಿ ತಿಳಿದಿದ್ದ ಕಾಕು ಊಟದ ಡಬ್ಬಿ ಹಿಡಿದು ಸ್ಟ್ಯಾಂಡಿನಲ್ಲಿ ಕಾದಿದ್ದರು. ಧಾರವಾಡದ ಬಸ್ ಹೊರಟು ನಿಂತಿತ್ತು. ಹೀರಾ ಪೆಟ್ಟಿಗೆ ಬಿಟ್ಟು ಡಬ್ಬಿ ಮುಟ್ಟಲಿಲ್ಲ. ಕಾಕು ತಮ್ಮ ಮೈಮೇಲಿನ ಶಾಲು ತೆಗೆದು ಪೆಟ್ಟಿಗೆಗೆ ಸುತ್ತಿದರು. “ಈ ಸಲ ಬೆಚ್ಚಗ ಹೋಗಲಿ ಬೇ,” ಅಂದರು.

ಅಂದೇ ಧಾರವಾಡದ ಪ್ರಯೋಗಾಲಯದಲ್ಲಿ ಗೌರೀಶ ಅವರು ಸೂಕ್ಷ್ಮದರ್ಶಕದಲ್ಲಿ ನೋಡಿ, ಕಣಗಳು ಜೀವಂತ ಇವೆ ಎಂದರು. ಹೀರಾ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟರು. ತಿಂಗಳುಗಟ್ಟಲೆ ಪರೀಕ್ಷೆಯ ಬಳಿಕ ಆ ರಕ್ತದಲ್ಲೇ, ಹೊದಿಕೆಯ ಒಂದು ಪ್ರೋಟೀನ್ ತುಣುಕಿನ ಮೇಲೆ ಏರಿ ಹೋಗುವ ಕಣಗಳು ಸಿಕ್ಕಿಬಿದ್ದವು. ಬೇರೆ ಕೆಲವು ರೋಗಿಗಳ ರಕ್ತದಲ್ಲೂ ಅವೇ ಕಂಡವು. ಇಷ್ಟು ವರ್ಷ ಕತ್ತಲಲ್ಲಿ ತಡಕಾಡಿದ ತಂಡಕ್ಕೆ ಒಂದು ಗುರಿಯಂತೂ ಕಣ್ಣಿಗೆ ಬಿತ್ತು. ಗೌರೀಶ ಪೇಡೆ ಹಿಡಿದು ರಬಕವಿಗೇ ಬಂದರು. ಮುಧೋಳಕ್ಕೂ ಪೇಡೆ ಮುಟ್ಟಿ, ಕಾಕು ಎರಡು ಹೆಚ್ಚಿಗೆ ತಿಂದರಂತೆ.

ಔಷಧಿಯಾಗಿ ಕೈಗೆ ಬರಲು ದಾರಿ ಇನ್ನೂ ದೂರವಿದೆ. ಸೌಂದರ್ಯಾ ಸದ್ಯ ಇರುವ ಚಿಕಿತ್ಸೆಯಲ್ಲೇ ಗಟ್ಟಿಯಾಗಿದ್ದಾಳೆ. ಈ ಬೆಳಗ್ಗೆ ರಕ್ತ ಕೊಟ್ಟು ತೋಳು ಮಡಚಿಕೊಂಡು ಆಗಲೇ ಮಗ್ಗದತ್ತ ಹೊರಟಿದ್ದಾಳೆ. ಹೀರಾ ಕಾಕುವಿನ ಹಳೆಯ ಶಾಲಿನಲ್ಲಿ ಪೆಟ್ಟಿಗೆ ಸುತ್ತುತ್ತ ಅವಳ ನಡಿಗೆಯನ್ನೇ ನೋಡುತ್ತಾರೆ.

“ಹೋಲಿಸಿ ನೋಡಾಕ ಈಗ ಆಕಿ ಆರಾಮ ಇದ್ದಾಗಿನ ರಕ್ತ ಬೇಕಂತ್ರಿ,” ಎನ್ನುತ್ತಾರೆ. “ಬಸದ್ಯಾಗ ಈಗ ಬಾಯಿಬಿಟ್ಟ ಬೇಡ್ಕೊತೇನಿ.”