ಬೀರುವಿನ ಮುಂದೆ ಕೂತ ಪೊಲೀಸ್ ನಾಯಿ

ಬನ್ನೂರು ಕಡೆಯ ನನ್ನ ಸೋದರಮಾವನ ಊರಿನಲ್ಲಿ ನಾಯಿಗೆ ಕಲ್ಲೇಟು ಬಿಟ್ಟರೆ ಬೇರೆ ಮರ್ಯಾದೆ ಸಿಕ್ಕಿದ್ದನ್ನು ನಾನು ಕಂಡವನಲ್ಲ. ಅಂಥ ಊರು ಅವತ್ತು ಪೊಲೀಸ್ ನಾಯಿ ಜೀಪಿನಿಂದ ಇಳಿದೊಡನೆ ಕೈಮುಗಿದು ನಿಂತಿತು. ಒಬ್ಬಾಕೆ ಅರಿಶಿನ ಕುಂಕುಮದ ತಟ್ಟೆಯನ್ನೇ ತಂದಳು. ಥೂ, ಇವರ ಭಕ್ತಿಗಿಷ್ಟು!

ಹಿಂದಿನ ದಿನದಿಂದ ನನ್ನ ಅಜ್ಜಿ, ಅಂದರೆ ಮಾವನ ತಾಯಿ, ಕಾಣೆಯಾಗಿದ್ದಳು. ಮರೆವು ಹಿಡಿದ ಮುದುಕಿ. ಊರ ಸುತ್ತ ಆಳೆತ್ತರದ ಕಬ್ಬು, ಅದರಾಚೆ ತುಂಬಿ ಹರಿಯುವ ನಾಲೆ. ಸುದ್ದಿ ತಿಳಿದು ನಂಜನಗೂಡಿನಿಂದ ಓಡಿ ಬಂದ ನಾನು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದೆ. ಇನ್ನೊಂದು ರಾತ್ರಿ ಹೊರಗೆ ಕಳೆದರೆ ಆಕೆ ಉಳಿಯಲಾರಳು.

ನಾಯಿ ಹಿಡಿದ ಪೊಲೀಸಿನವರು ಅಜ್ಜಿಯ ಬಟ್ಟೆಯೊಂದನ್ನು ಕೇಳಿದರು. ಅತ್ತೆ ಬೀರುವಿನಿಂದ ರೇಷ್ಮೆ ಸೀರೆ ತಂದಳು. ನುಸಿಗುಳಿಗೆಯ ವಾಸನೆ ನನ್ನ ಮೂಗಿಗೇ ಹೊಡೆಯಿತು. ನಾಯಿ ಮೂಸಿತು, ಸೀನಿತು, ನೆಟ್ಟಗೆ ಒಳಗೆ ಹೋಗಿ ಬೀರುವಿನ ಮುಂದೆ ಕೂತಿತು.

"ಇದು ಮಡಿಸಿಟ್ಟಿದ್ದು ಕಣಮ್ಮ. ಅವರು ಉಟ್ಟು ಬಿಟ್ಟಿದ್ದು, ಒಗೀದೆ ಇರೋದು ಕೊಡಿ. ಅವರ ಮೈವಾಸನೆ ಸಿಗದಿದ್ರೆ ಪಾಪ ಇದಾದ್ರೂ ಏನ್ಮಾಡುತ್ತೆ?"

"ಎಲ್ಲಾ ಒಗ್ದಾಕ್ಬುಟ್ಟೆ ಸಾ, ನೀವು ಬತ್ತೀರಿ ಅಂತ. ನಾಕ್ ಜನ ಬರೋ ಒತ್ನಲ್ಲಿ ಕೊಳಕು ಬಟ್ಟೆ ಮಡೀಕಂಡಿರಕ್ಕಾಯ್ತದಾ?"

ಮಾವ ಹೌದೆಂದು ತಲೆಯಾಡಿಸಿದ. ಹೆತ್ತವಳು ಇದ್ದಾಳೋ ಇಲ್ಲವೋ ಗೊತ್ತಿಲ್ಲ, ಇವನಿಗೆ ಮನೆಯ ಮಾನ! ಮೂರೂ ಬಿಟ್ಟವರು ಊರಿಗೇ ದೊಡ್ಡವರು ಅಂತ ಸುಮ್ಮನೆ ಹೇಳಿಲ್ಲ.

ಆ ಮಾನವಂತರ ಮನೆಯಲ್ಲಿ ಅಜ್ಜಿ ಮಲಗುತ್ತಿದ್ದುದು ದನದ ಕೊಟ್ಟಿಗೆಯಲ್ಲಿ. ಉಚ್ಚೆ ವಾಸನೆ ಎಂದು ಅತ್ತೆ ಹಾಸಿಗೆಯನ್ನು ಅಲ್ಲಿಗೆ ಸಾಗಿಸಿದ್ದನ್ನು ಹಿಂದಿನ ಸಲ ಬಂದಾಗ ನೋಡಿದ್ದೆ. ಹೋಗಿ ತಡಕಿದೆ. ದನ ಕಟ್ಟುವ ಗೊಂತಿಗೂ ಗೋಡೆಗೂ ನಡುವೆ ಅವಳ ಹಳೇ ದುಪ್ಪಟಿ ಸಿಕ್ಕಿಕೊಂಡಿತ್ತು. ಒಗೆಯುವ ಕೈಗೆ ತಪ್ಪಿದ್ದು ಅದೊಂದೇ.

"ಅದ್ನ ಯಾಕ್ಲಾ ತಂದೆ ಎಲ್ರ ಮುಂದೆ? ನಾತ ಒಡೀತದೆ!" ಅತ್ತೆ ಚೀರಿದಳು.

ನಾಯಿಗೆ ಆ ನಾತವೇ ಬೇಕಿತ್ತು. ದುಪ್ಪಟಿಯಲ್ಲಿ ಮೂತಿ ಹುದುಗಿಸಿ ಮೂಸಿ, ಹಗ್ಗ ಜಗ್ಗಿಕೊಂಡು ಕೊಟ್ಟಿಗೆಯ ಹಿಂದಿನಿಂದ ಹುಲ್ಲಿನ ಮೆದೆ ಬಳಸಿ ಕಬ್ಬಿನೊಳಗೆ ನುಗ್ಗಿತು. ನಾವು ಹಿಂದೆ ಹಿಂದೆ. ಸೋಗೆ ಮುಖ ಮೈಯೆಲ್ಲ ಗೀರುತ್ತಿತ್ತು. ನಾಲೆಯ ಏರಿ ಇನ್ನೇನು ಬಂತು ಅನ್ನುವಾಗ ನಾಯಿ ಬೊಗಳಿತು.

ಅಜ್ಜಿ ತರಗಿನ ಮೇಲೆ ಕೂತಿದ್ದಳು. ತುಟಿ ಒಣಗಿತ್ತು, ಕಣ್ಣು ಮಿಟುಕುತ್ತಿತ್ತು. ಬದುಕಿದ್ದಳು! ಊರವರ ಮೊಬೈಲುಗಳು ಮೇಲೆದ್ದವು. "ಅಯ್ಯೋ ನನ್ನವ್ವಾ" ಎಂದು ಎದೆ ಬಡಿದುಕೊಂಡು ಬಂದ ಅತ್ತೆ, ಮಾರು ದೂರದಲ್ಲೇ ನಿಂತು ಸೆರಗನ್ನು ಮೂಗಿಗೆ ಒತ್ತಿಕೊಂಡಳು.

ನಾಯಿ ಹೋಗಿ ಅಜ್ಜಿಯ ಮಡಿಲಲ್ಲಿ ಮೂತಿ ಇಟ್ಟಿತು. ಅದನ್ನು ಮೆಲ್ಲಗೆ ತಳ್ಳುತ್ತಾ ಅವಳು ಹೇಳಿದಳು:

"ದೂರ ಓಗು ಮಗಾ. ನಾನು ನಾತ ಒಡೀತೀನಿ."