ಓದಿ ಬೈಯುತ್ತಿದ್ದ ಅತ್ತೆ

ನನ್ನ ಅತ್ತೆ ಪೇಪರ್ ಹಿಡಿಯುತ್ತಿದ್ದ ರೀತಿಯೇ ಬೇರೆ. ಬಂಗುಡೆ ಮೀನಿನ ಕಿವಿರು ಎತ್ತಿ ಹಳತೋ ಹೊಸತೋ ಎಂದು ನೋಡುವವರ ಹಾಗೆ ಎರಡೇ ಬೆರಳಿನಲ್ಲಿ ಪುಟದ ತುದಿ ಎತ್ತುತ್ತಿದ್ದರು. ಮುಖ ಸ್ವಲ್ಪ ಹಿಂದಕ್ಕೆ ಸರಿಯುತ್ತಿತ್ತು. ಮೇಲ್ದುಟಿಯ ಎಡಬದಿ ತುಸು ಮೇಲೇರುತ್ತಿತ್ತು, ಅದರೊಂದಿಗೆ ಮೂಗುತಿಯೂ. ಮೂಗುತಿ ಏರಿತೆಂದರೆ ಇವತ್ತು ಯಾರಿಗೋ ಕಾದಿದೆ ಎಂದು ಬೋಳಾರದ ಆ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಅವರಿಗೆ ತಾತ್ಸಾರವಿಲ್ಲದ ವಸ್ತು ಕಡಿಮೆ. ಟಿವಿಯಲ್ಲಿ ಕಿರುಚುವ ನಿರೂಪಕನನ್ನು ಕಂಡರೆ, "ಪಾಪ, ಇವನನ್ನು ಮನೆಯಲ್ಲಿ ಬಾಯಿ ತೆರೀಲಿಕ್ಕೆ ಬಿಡುದಿಲ್ಲ ಅಂತ ಕಾಣ್ತದೆ" ಅನ್ನುವರು. ಆ ನಿರೂಪಕ ಅತ್ತೆಯ ಪಕ್ಷದ ಪರವಾಗಿಯೇ ಕಿರುಚುತ್ತಿದ್ದ ಎಂಬುದು ಬೇರೆ ಮಾತು. ನಾನು ಆ ಮನೆಗೆ ಸೊಸೆಯಾಗಿ ಹೋದ ಮೊದಲ ವಾರವೇ ನನ್ನ ಸಾರಿನ ಬಗ್ಗೆ ಹೇಳಿದ್ದು ಇಷ್ಟು: "ಬಿಸಿ ಉಂಟು."

ಗಂಡನ ಮನೆಯವರದ್ದು ಹೋಟೆಲ್ ವ್ಯಾಪಾರ, ತಲೆತಲಾಂತರದಿಂದ ಒಂದೇ ಪಕ್ಷ. ನನ್ನ ಅಪ್ಪ ನಂತೂರಿನಾಚೆ ಇರುವ ನಿವೃತ್ತ ಮಾಸ್ಟ್ರು, ಜೀವನವಿಡೀ ಅದರ ಎದುರು ಪಕ್ಷ. ಮದುವೆಯಲ್ಲಿ ಎರಡೂ ಕಡೆಯವರು ರಾಜಕೀಯ ಬಿಟ್ಟು ಬೇರೆಲ್ಲ ಮಾತಾಡಿದ್ದರು. ಆಮೇಲೆ ಎಲ್ಲರ ಕೈಗೂ ಫೋನು ಬಂತು.

ನನ್ನ ಗಂಡ ಪೇಪರ್ ಓದುವವರಲ್ಲ. ಅವರಿಗೆ ಅಭಿಪ್ರಾಯಗಳು ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಫೋನಿನಲ್ಲಿ ಸಿದ್ಧವಾಗಿ ಬಂದು ಬಿದ್ದಿರುತ್ತವೆ, ಹನ್ನೊಂದು ಗಂಟೆಗೆ ಅವು ಅವರ ಸ್ವಂತವಾಗುತ್ತವೆ. ಅಪ್ಪನೂ ಕಡಿಮೆಯಲ್ಲ. ನಲವತ್ತು ವರ್ಷದಿಂದ ಒಂದೇ ಪೇಪರ್ ಓದಿ, ಅದರಲ್ಲಿ ಬಾರದ್ದು ಲೋಕದಲ್ಲಿ ನಡೆದೇ ಇಲ್ಲವೆಂದು ನಂಬಿದವರು. ಇಂಥ ಇಬ್ಬರು ವಿದ್ವಾಂಸರು ನನ್ನ ಮಗಳ ಹುಟ್ಟುಹಬ್ಬದ ಊಟದಲ್ಲಿ ಎದುರುಬದುರು ಕೂತರು.

ಆ ವಾರ ರಸ್ತೆ ಬದಿಯ ತಿಂಡಿ ಗಾಡಿಗಳನ್ನು ಎಬ್ಬಿಸಿ ಬೇರೆ ಜಾಗಕ್ಕೆ ಕಳಿಸಿದ್ದರು. ನೂರು ಗಾಡಿ, ನೂರು ಕುಟುಂಬ ಬೀದಿಗೆ ಬಿತ್ತು ಎಂದರು ಅಪ್ಪ. ಅವರೆಲ್ಲ ಹೊರಗಿನಿಂದ ಬಂದವರು, ಹೋಗಲಿ ಎಂದರು ನನ್ನ ಗಂಡ. ಪಾಯಸ ಬಡಿಸುವ ಹೊತ್ತಿಗೆ ಮಾತು ಗಾಡಿ ಬಿಟ್ಟು ಮನುಷ್ಯರ ಮೇಲೆ ಬಂದಿತ್ತು. "ನಿಮ್ಮಂಥವರಿಂದಲೇ ದೇಶ ಹಾಳಾದದ್ದು" ಎಂದರು ಇವರು. ಅಪ್ಪ ಎಲೆ ಮಡಿಸದೆ ಎದ್ದರು. ಕೈ ತೊಳೆದು ಹೋದವರು ಮತ್ತೆ ನಮ್ಮ ಮನೆಗೆ ಬರಲಿಲ್ಲ. ಇವರು ನನಗೆ ತವರಿಗೆ ಹೋಗಬೇಡ ಎಂದು ಬಾಯಿಬಿಟ್ಟು ಹೇಳಲಿಲ್ಲ. ನಾನು ಹೊರಟಾಗಲೆಲ್ಲ ಮನೆಯಲ್ಲಿ ಎರಡು ದಿನ ಮಾತಿರುತ್ತಿರಲಿಲ್ಲ, ಅಷ್ಟೆ. ಕಡೆಗೆ ನಾನೇ ಹೊರಡುವುದನ್ನು ನಿಲ್ಲಿಸಿದೆ. ನನ್ನ ಹೇಡಿತನಕ್ಕೆ ಆಗ ನಾನು ಕೊಟ್ಟುಕೊಂಡ ಹೆಸರು ಹೊಂದಾಣಿಕೆ.

ಅತ್ತೆ ಒಂದು ಸಮಾಧಾನದ ಮಾತೂ ಆಡಲಿಲ್ಲ. ಪೇಪರ್ ಏಜೆಂಟರಿಗೆ ಫೋನ್ ಮಾಡಿ, ನಮ್ಮ ಪೇಪರಿನ ಜೊತೆಗೆ ಅಪ್ಪನ ಪೇಪರನ್ನೂ ಹಾಕಲು ಹೇಳಿದರು.

ನನ್ನ ಗಂಡ ಉರಿದುಬಿದ್ದರು. "ಅಮ್ಮ, ಈ ಕಸ ನಮ್ಮ ಮನೆಗೆ ಎಂತಕ್ಕೆ?"

"ಕಸ ಅಂತ ನಿನಗೆ ಹೇಗೆ ಗೊತ್ತು? ಓದಿದ್ದೀಯಾ?"

"ಅದನ್ನು ಓದಿಯೇ ತಿಳ್ಕೊಳ್ಬೇಕಂತ ಇಲ್ಲ."

"ಹಾಗಾದ್ರೆ ಬಾಯಿ ಮುಚ್ಚು ಮಾರಾಯ. ಬೈಲಿಕ್ಕೆ ನಾನಿದ್ದೇನೆ, ಓದಿ ಬೈತೇನೆ. ಗೊತ್ತಿಲ್ಲದೆ ಬೈದ್ರೆ ಬೈಗುಳಕ್ಕೂ ಮರ್ಯಾದೆ ಇಲ್ಲ."

ಹಾಗೆ ಶುರುವಾಯಿತು. ದಿನಾ ಬೆಳಿಗ್ಗೆ ನಾನು ತರಕಾರಿ ಹೆಚ್ಚುವಾಗ ಅತ್ತೆ ಎದುರು ಕೂತು ಶತ್ರುವಿನ ಪೇಪರನ್ನು ಗಟ್ಟಿಯಾಗಿ ಓದುವರು. ನಾಲ್ಕು ಸಾಲಿಗೊಮ್ಮೆ "ಥೂ" ಅನ್ನುವರು. ಆಮೇಲೆ ಅದೇ ಸುದ್ದಿಯನ್ನು ನಮ್ಮ ಪೇಪರಿನಲ್ಲಿ ಹುಡುಕುವರು. ಒಂದೊಂದು ದಿನ ಸಿಗುತ್ತಿರಲಿಲ್ಲ. ಆಗ "ಥೂ" ಇತ್ತ ತಿರುಗುತ್ತಿತ್ತು. "ಅವರು ಉಪ್ಪು ಜಾಸ್ತಿ ಹಾಕಿದ್ದಾರೆ, ಇವರು ಮೀನನ್ನೇ ಹಾಕ್ಲಿಲ್ಲ" ಎಂದರು ಒಮ್ಮೆ. ಅವರ ಮನಸ್ಸು ಮೆತ್ತಗಾಗುತ್ತಿದೆ ಎಂದು ನಾನು ಆಸೆಪಟ್ಟೆ. ಅಂಥದ್ದೇನೂ ಇಲ್ಲ. ಅವರ ತಾತ್ಸಾರಕ್ಕೆ ಇನ್ನೊಂದು ಪೇಪರ್ ಸಿಕ್ಕಿತ್ತು, ಅಷ್ಟೆ.

ಮೂರು ತಿಂಗಳು ಕಳೆದಿರಬೇಕು. ಗಾಡಿಯವರಿಗೆ ಕೊಟ್ಟ ಹೊಸ ಜಾಗದಲ್ಲಿ ನೀರಿನ ನಳ್ಳಿ ಇಲ್ಲವೆಂದು ಅಪ್ಪನ ಪೇಪರಿನಲ್ಲಿ ಬಂತು. ನಮ್ಮದರಲ್ಲಿ ಇರಲಿಲ್ಲ. ಅತ್ತೆ ಅದನ್ನು ಎರಡು ಸಲ ಓದಿದರು. ಆ ಸಂಜೆ ಮಂಗಳಾದೇವಿ ದೇವಸ್ಥಾನಕ್ಕೆ ಹೋದವರು ತಡವಾಗಿ ಬಂದರು. ಮೊದಲೆಲ್ಲ ಆ ದೇವಸ್ಥಾನದ ದಾರಿಯಲ್ಲಿ ಚರುಮುರಿ ಮಾರುತ್ತಿದ್ದ ಹೆಂಗಸನ್ನು ಆ ಹೊಸ ಜಾಗಕ್ಕೆ ಹೋಗಿ, ಹುಡುಕಿ, ವಿಚಾರಿಸಿ ಬಂದಿದ್ದರು. ಚಪ್ಪಲಿ ಬಿಡುತ್ತಲೇ ನನಗೆ ಹೇಳಿದರು: "ನಾಳೆ ನಿನ್ನ ಅಪ್ಪನಲ್ಲಿಗೆ ಹೋಗುವ."

ನಂತೂರಿನಲ್ಲಿ ಬಸ್ಸಿಳಿದು, ಬರುವ ಲಾರಿಗಳಿಗೆಲ್ಲ ಅಂಗೈ ತೋರಿಸಿ ನಿಲ್ಲಿಸುತ್ತ ಹೆದ್ದಾರಿ ದಾಟಿದರು. ನಾನು ಹಿಂದೆ ಓಡಿದೆ. ಜಗಲಿಯಲ್ಲಿದ್ದ ಅಪ್ಪ ನಮ್ಮನ್ನು ಕಂಡು ಎದ್ದು ನಿಂತರು. ಬೇಡಿಕೊಳ್ಳಲು ಬಂದಿದ್ದಾರೆ ಎಂದುಕೊಂಡಿರಬೇಕು, ಮುಖ ಗಂಭೀರವಾಯಿತು.

ಅತ್ತೆ ಕೂರುವ ಮೊದಲೇ ಹೇಳಿದರು: "ಮಾಸ್ಟ್ರೇ, ನಾನು ರಾಜಿ ಮಾಡ್ಲಿಕ್ಕೆ ಬಂದದ್ದಲ್ಲ. ನಿಮ್ಮ ಪೇಪರಲ್ಲಿ ಸುಳ್ಳು ಉಂಟು. ಅದನ್ನು ಹೇಳ್ಲಿಕ್ಕೆ ಬಂದದ್ದು."

"ನಮ್ಮ ಪೇಪರ್ ನೀವು ಓದ್ತೀರಾ?"

"ಮೂರು ತಿಂಗಳಾಯ್ತು. ತಲೆನೋವು." ಆಮೇಲೆ ಕೂತರು. "ನೂರು ಗಾಡಿ ಅಂತ ಬರೆದಿದ್ದಾರೆ. ನಾನು ಹೋಗಿ ನೋಡಿದೆ, ಕೇಳಿದೆ. ಇದ್ದದ್ದು ಇಪ್ಪತ್ತು ಚಿಲ್ಲರೆ. ಆದ್ರೆ ನೀರಿಲ್ಲ ಅಂತ ಬರೆದದ್ದು ಸತ್ಯ. ನಮ್ಮ ಪೇಪರ್ ಅದನ್ನು ಹೇಳ್ಲಿಲ್ಲ. ಮತ್ತೆ ನನ್ನ ಮಗ ಹೊರಗಿನವರು ಅಂದನಲ್ಲ, ಆ ಚರುಮುರಿಯವಳು ಇಲ್ಲೇ ಹೊಳೆಯಾಚೆ ಬೆಂಗ್ರೆಯವಳು. ದಿನಾ ದೋಣಿ ಹತ್ತಿ ಬರ್ತಾಳೆ. ಅವನಿಗೆ ಬುದ್ಧಿ ಇಲ್ಲ. ನಿಮಗೆ ಉಂಟು, ಉಪಯೋಗ ಮಾಡುದಿಲ್ಲ."

ಅಪ್ಪನನ್ನು ಹಾಗೆ ಯಾರೂ ಮಾತಾಡಿಸಿದ್ದನ್ನು ನಾನು ಕಂಡಿರಲಿಲ್ಲ. ಅವರೂ ಕೂತರು. ಆಮೇಲೆ, "ನೂರು ಅಂತ ನಾನೂ ಹೇಳಿದ್ದೆ" ಎಂದರು.

"ಹೇಳಿದ್ದಿರಿ. ಅದಕ್ಕೇ ಬಂದದ್ದು."

ಮುಂದೆ ಎರಡು ಗಂಟೆ ಜಗಳವಾಯಿತು. ರಸ್ತೆ, ರೇಷನ್, ಬಂದರು, ಒಂದನ್ನೂ ಬಿಡಲಿಲ್ಲ. ಅಪ್ಪ ಒಂದು ವಾದ ಶುರುಮಾಡಿದರೆ ಅತ್ತೆ ಅದರ ಉಳಿದರ್ಧವನ್ನು ತಾವೇ ಹೇಳಿ ಮುಗಿಸಿ, "ಇದೇ ಅಲ್ವಾ ನೀವು ಹೇಳುದು? ಇನ್ನು ನನ್ನದು ಕೇಳಿ" ಅನ್ನುತ್ತಿದ್ದರು. ಅಮ್ಮ ಎರಡು ಸಲ ಚಾ ಮಾಡಿದಳು. ಹೊರಡುವಾಗ ಅಪ್ಪ ನನ್ನನ್ನು ಬದಿಗೆ ಕರೆದರು. "ಭಾರೀ ಸೊಕ್ಕಿನ ಹೆಂಗಸು ಮಾರಾಯ್ತಿ. ಆದ್ರೆ ನಾನು ಎಂತ ಹೇಳ್ತೇನೆ ಅಂತ ಆ ಮನೆಯಲ್ಲಿ ಅವರೊಬ್ಬರಿಗೆ ಗೊತ್ತುಂಟು." ಮರುವಾರ ಅವರೂ ನಮ್ಮ ಪೇಪರ್ ತರಿಸತೊಡಗಿದರು. ಸೇಡಿಗೆ.

ಅಲ್ಲಿಂದ ಮುಂದೆ ಪ್ರತಿ ಶನಿವಾರ ಅಪ್ಪ ಬೋಳಾರಕ್ಕೆ ಬರುತ್ತಿದ್ದರು, ನಾನು ಬೇಕಾದಾಗ ತವರಿಗೆ ಹೋಗುತ್ತಿದ್ದೆ. ಅತ್ತೆ ಎದುರಿಗಿರುವಾಗ ಇವರಿಗೆ ಮುಖ ಊದಿಸುವ ಧೈರ್ಯವಿರಲಿಲ್ಲ. ಒಮ್ಮೆ ಚರ್ಚೆಯ ನಡುವೆ ಇವರು ಫೋನ್ ಹಿಡಿದು ಬಂದು ಏನೋ ಓದಿ ಹೇಳಹೊರಟರು. ಅತ್ತೆ ತಿರುಗಿಯೂ ನೋಡದೆ, "ಯಾರೋ ಕಳಿಸಿದ್ದನ್ನು ಇಲ್ಲಿ ತರ್ಬೇಡ. ನಿನಗೆ ಸ್ವಂತದ್ದು ಎಂತಾದ್ರೂ ಇದ್ರೆ ಕೂತ್ಕೋ" ಎಂದರು. ಇವರು ಫೋನ್ ಜೇಬಿಗೆ ಹಾಕಿದರು. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು ಇಬ್ಬರ ಮಾತು ಕೇಳಿದರು.

ಅತ್ತೆಯ ವೋಟು ಕಡೆಯವರೆಗೂ ಬದಲಾಗಲಿಲ್ಲ. ಅಪ್ಪನದ್ದೂ ಇಲ್ಲ. ಒಬ್ಬರದ್ದನ್ನು ಇನ್ನೊಬ್ಬರು ಬದಲಾಯಿಸಬಹುದೆಂದು ಅವರಿಬ್ಬರೂ ಅಂದುಕೊಂಡಿರಲೂ ಇಲ್ಲ.

ಕಳೆದ ವರ್ಷ ಅತ್ತೆಗೆ ಪಾರ್ಶ್ವವಾಯು ಬಡಿಯಿತು. ನಾಲಿಗೆ ತೊದಲುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಅಪ್ಪ ದಿನ ಬಿಟ್ಟು ದಿನ ಆಸ್ಪತ್ರೆಗೆ ಬಂದು ಎರಡೂ ಪೇಪರ್ ಓದಿ ಹೇಳುತ್ತಿದ್ದರು. ಒಂದು ಬೆಳಿಗ್ಗೆ ಅತ್ತೆಯ ಪಕ್ಷವನ್ನು ಹೊಗಳಿದ ಸಂಪಾದಕೀಯವನ್ನು, ಒಂದು ವ್ಯಂಗ್ಯದ ಕೆಮ್ಮೂ ಸೇರಿಸದೆ, ತರಗತಿಯಲ್ಲಿ ಪಾಠ ಓದುವ ಹಾಗೆ ಸ್ಪಷ್ಟವಾಗಿ ಕೊನೆಯವರೆಗೆ ಓದಿದರು. ಅತ್ತೆ ಕಣ್ಣುಮುಚ್ಚಿ ಕೇಳಿದರು. ಆಮೇಲೆ ಕಷ್ಟಪಟ್ಟು ಒಂದೊಂದೇ ಶಬ್ದ ಜೋಡಿಸಿ ಹೇಳಿದರು: "ನೀವು ಓದಿದ್ರೆ... ಸತ್ಯ ಕೂಡ... ಸುಳ್ಳಿನ ಹಾಗೆ ಕೇಳ್ತದೆ, ಮಾಸ್ಟ್ರೇ."

ಅಪ್ಪ ಕನ್ನಡಕ ತೆಗೆದು ನಕ್ಕರು. ನಕ್ಕು ಮುಗಿದ ಮೇಲೂ ಬಹಳ ಹೊತ್ತು ಕನ್ನಡಕ ಒರೆಸುತ್ತಲೇ ಇದ್ದರು.

ಎರಡು ದಿನ ಬಿಟ್ಟು ಅತ್ತೆ ಹೋದರು. ನಾನಿನ್ನೂ ಯಾರಿಗೂ ಫೋನ್ ಮಾಡಿರಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದಾಗ ಪಕ್ಕದಲ್ಲಿ ನನ್ನ ಗಂಡನ ದನಿ ಕೇಳಿತು. ಅವರು ಯಾರಿಗಿಂತಲೂ ಮೊದಲು ನನ್ನ ಅಪ್ಪನಿಗೆ ಫೋನ್ ಮಾಡಿದ್ದರು.